ಏರಿಯಾ ಫಿಲ್ಮ್ ಫೆಸ್ಟಿವಲ್‌ನಲ್ಲಿ ಸ್ಪೆಷಲ್ ಕಾರ್ಯಕ್ರಮಗಳನ್ನ ಮಾಡೋದು ಹೇಗೆ

ನಮ್ಮ ಏರಿಯಾದಲ್ಲೂ ಒಂದು ಸಣ್ಣ ಫಿಲ್ಮ್ ಫೆಸ್ಟಿವಲ್ ಮಾಡೋಣ ಅಂತ ಹೊರಟೋರು ಸಾಮಾನ್ಯವಾಗಿ ಮೊದಲು ಕೂತು ಸಿನಿಮಾ ಲಿಸ್ಟ್ ಮಾಡ್ತಾರೆ, ಆಮೇಲೆ ಟೈಮ್ ಮಿಕ್ಕಿದ್ರೆ ಒಂದು ಸಂವಾದ, ಒಂದು ಮಕ್ಕಳ ಶೋ ಅಂತ ಕೊನೇಲಿ ತುರುಕ್ತಾರೆ. ನಾನು ಹೇಳೋದು ಇದನ್ನ ಪೂರ್ತಿ ಉಲ್ಟಾ ಮಾಡಿ ಅಂತ. ಮೊದಲು ಎರಡೋ ಮೂರೋ ಸ್ಪೆಷಲ್ ಕಾರ್ಯಕ್ರಮ ಗಟ್ಟಿ ಮಾಡ್ಕೊಳ್ಳಿ, ಸಿನಿಮಾಗಳನ್ನ ಅದರ ಸುತ್ತ ಜೋಡಿಸಿ. ಯಾಕಂದ್ರೆ ಸಿನಿಮಾ ಇವತ್ತು ಎಲ್ರ ಫೋನಲ್ಲೂ ಇದೆ, ಜನ ಊಟ ಬೇಗ ಮುಗಿಸಿ ಚಪ್ಪಲಿ ಹಾಕ್ಕೊಂಡು ಬರೋದು ಫೋನಲ್ಲಿ ಸಿಗದೇ ಇರೋ ಒಂದಕ್ಕೆ. ಯಾವ ಐಡಿಯಾ ಬಂದ್ರೂ ಒಂದೇ ಪ್ರಶ್ನೆ ಕೇಳ್ಕೊಳ್ಳಿ, ಇದು ಬೇರೆ ಏರಿಯಾದಲ್ಲೂ ಹೀಗೇ ಆಗ್ತಿತ್ತಾ? ಆಗ್ತಿತ್ತು ಅನ್ನಿಸಿದ್ರೆ ಅದನ್ನ ಬಿಟ್ಟು ಬೇರೆ ಯೋಚನೆ ಮಾಡಿ.

ಇದೇನೂ ಹೊಸ ವಿಷಯ ಅಲ್ಲ. ಬೆಂಗಳೂರು ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ 1971ರಿಂದ ಇದೆ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನವರು 70ರ ದಶಕದಲ್ಲೇ ಅಡಿಕೆ ತೋಟದ ಊರಲ್ಲಿ ಪ್ರಪಂಚದ ಸಿನಿಮಾಗಳನ್ನ ತೋರಿಸಿ, ನೋಡಿದ್ಮೇಲೆ ಕೂತು ಮಾತಾಡೋ ಅಭ್ಯಾಸ ಬೆಳೆಸಿದ್ರು. ನಮಗೆ ಅವರಷ್ಟು ದೊಡ್ಡದು ಬೇಡ, ಆದ್ರೆ ಆ ಕೂತು ಮಾತಾಡೋದಿದೆಯಲ್ಲ, ಅದನ್ನಂತೂ ಬಿಡೋ ಹಾಗಿಲ್ಲ.

ಮೊದಲು ಪರ್ಮಿಷನ್ ವಿಷಯ ಹೇಳಿಬಿಡ್ತೀನಿ, ಬೋರ್ ಆದ್ರೂ ಇದಾಗದೇ ಮುಂದೆ ಹೋಗ್ಬೇಡಿ. ನಿಮ್ಮ ಹತ್ರ ಓಟಿಟಿ ಸಬ್‌ಸ್ಕ್ರಿಪ್ಷನ್ ಇದೆ ಅಂತ ಆ ಸಿನಿಮಾನ ನೂರು ಜನಕ್ಕೆ ತೋರಿಸೋ ಹಕ್ಕು ಬರಲ್ಲ, ಟಿಕೆಟ್ ಇಡದೇ ಫ್ರೀ ತೋರಿಸಿದ್ರೂ ಅಷ್ಟೇ. ನಿರ್ದೇಶಕರಿಗೋ ನಿರ್ಮಾಪಕರಿಗೋ ಬರೆದು, ಯಾವ ದಿನ, ಎಲ್ಲಿ, ಎಷ್ಟು ಜನ ಅಂತ ಹೇಳಿ, ಮೇಲ್‌ನಲ್ಲಿ ಒಪ್ಪಿಗೆ ತಗೊಳ್ಳಿ. ಇಂಡಿಪೆಂಡೆಂಟ್ ಸಿನಿಮಾದೋರು ಬಹಳಷ್ಟು ಸಲ ಖುಷಿಯಿಂದಲೇ ಕೊಡ್ತಾರೆ, ಹಾಗಂತ ಬಿಟ್ಟಿ ಕೇಳ್ಬೇಡಿ, ಸಣ್ಣ ಮೊತ್ತ ಆದ್ರೂ ಸ್ಕ್ರೀನಿಂಗ್ ಫೀ ಅಂತ ಕೊಡಿ. ಶಾಮಿಯಾನದೋರಿಗೆ, ಸೌಂಡ್‌ನೋರಿಗೆ ದುಡ್ಡು ಕೊಟ್ಟು ಸಿನಿಮಾ ಮಾಡಿದೋರಿಗೆ ಮಾತ್ರ ಶಾಲು ಹೊದಿಸೋದು ಸರಿಯಲ್ಲ. ಸೆನ್ಸಾರ್ ಸರ್ಟಿಫಿಕೇಟ್ ಇರೋ ಸಿನಿಮಾ ಆರಿಸಿದ್ರೆ ತಲೆನೋವು ಕಡಿಮೆ, ಸರ್ಟಿಫಿಕೇಟ್ ಇಲ್ಲದ್ದನ್ನ ಫೆಸ್ಟಿವಲ್‌ನಲ್ಲಿ ತೋರಿಸೋದಕ್ಕೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಬೇಕು, ಅದಕ್ಕೆ ಟೈಮ್ ಹಿಡಿಯುತ್ತೆ, ಮೊದಲೇ ಅರ್ಜಿ ಹಾಕಿ. ಪಾರ್ಕು ಗ್ರೌಂಡು ಅಂದ್ರೆ ಪಾಲಿಕೆ, ಮೈಕಿಗೆ ಪೊಲೀಸ್ ಸ್ಟೇಷನ್ನು.

ಇನ್ನು ಬಯಲು ಪ್ರದರ್ಶನ. ಎಲ್ರೂ ಮಾಡ್ಬೇಕು ಅಂತ ಆಸೆ ಪಡೋದು ಇದನ್ನೇ. ಇಲ್ಲಿ ನಿಮ್ಮ ಕೈ ಕಟ್ಟೋದು ಗಡಿಯಾರ. ರಾತ್ರಿ 10ರ ಮೇಲೆ ಬಯಲಲ್ಲಿ ಲೌಡ್‌ಸ್ಪೀಕರ್ ಹಾಕೋ ಹಾಗಿಲ್ಲ, ಈ ಕಡೆ ಬೆಳಕು ಪೂರ್ತಿ ಹೋಗದೇ ಪರದೆ ಮೇಲೆ ಏನೂ ಕಾಣಲ್ಲ. ಬೆಂಗಳೂರಲ್ಲಿ ನವೆಂಬರ್‌ನಲ್ಲಿ ಸೂರ್ಯ 5.50ರ ಹೊತ್ತಿಗೆ ಮುಳುಗಿದ್ರೆ ಜೂನ್ ಜುಲೈನಲ್ಲಿ ಹತ್ತಿರ ಹತ್ತಿರ 6.50 ಆಗುತ್ತೆ, ಅದರ ಮೇಲೆ ಅರ್ಧ ಗಂಟೆ ಮಬ್ಬು ಬೆಳಕು. ಹಂಗಾಗಿ ಡಿಸೆಂಬರ್ ಕೊನೆಯಿಂದ ಫೆಬ್ರವರಿ ಒಳಗೆ ಇಟ್ಕೊಳ್ಳಿ, ಮಳೆ ಕಾಟನೂ ಇರಲ್ಲ, 7ಕ್ಕೆ ಶುರು ಮಾಡಿದ್ರೆ 100 ನಿಮಿಷದ ಸಿನಿಮಾ, ಮೇಲೆ ಅರ್ಧ ಗಂಟೆ ಮಾತು ಆರಾಮಾಗಿ ಮುಗಿಯುತ್ತೆ. ಎರಡೂವರೆ ಗಂಟೆ ಸಿನಿಮಾ ಎಷ್ಟೇ ಚೆನ್ನಾಗಿರ್ಲಿ, ಬಯಲಿಗೆ ಬೇಡ.

ಜಾಗ ನೋಡೋಕೆ ಹಗಲು ಹೋಗ್ಬೇಡಿ, ಶೋ ಟೈಮಿಗೇ ಹೋಗಿ. ಯಾವ ಬೀದಿ ದೀಪದ ಬೆಳಕು ಪರದೆ ಮೇಲೆ ಬೀಳುತ್ತೆ, ಎಷ್ಟು ಗಂಟೆಗೆ ದೇವಸ್ಥಾನದ ಮಂಗಳಾರತಿ ಗಂಟೆ, ಯಾವ ಮನೆ ನಾಯಿ ಬೊಗಳುತ್ತೆ, ಎಲ್ಲಾ ಆಗ ಗೊತ್ತಾಗೋದು. ಬಿಳಿ ಬಟ್ಟೆ ಪರದೆ ಆದ್ರೆ ನಾಲ್ಕೂ ಕಡೆ ಹಗ್ಗ ಹಾಕಿ ಬಿಗಿದು ಕಟ್ಸಿ, ಕೆಳಗಡೆ ಸಡಿಲ ಬಿಟ್ರೆ ಗಾಳಿ ತುಂಬ್ಕೊಂಡು ಹೀರೋ ಮುಖ ಉಬ್ಬುತ್ತೆ. ಪ್ರೊಜೆಕ್ಟರ್‌ಗೂ ಲ್ಯಾಪ್‌ಟಾಪ್‌ಗೂ ಯುಪಿಎಸ್ ಇರ್ಲೇಬೇಕು, ಕರೆಂಟ್ ಹೋದ್ರೆ ಜನರೇಟರ್ ಆನ್ ಆಗೋವರೆಗೂ ಅದೇ ಕಾಪಾಡೋದು, ಜನರೇಟರನ್ನ ಆದಷ್ಟು ದೂರ ಮೂಲೆಗೆ ಇಡ್ಸಿ. ಮುಂದೆ ಜಮಖಾನ, ಹಿಂದೆ ಕುರ್ಚಿ, ವಯಸ್ಸಾದೋರಿಗೆ ಒರಗೋಕೆ ಬರೋ ಕುರ್ಚಿಯನ್ನ ಟಾಯ್ಲೆಟ್ ಕಡೆ ಹೋಗೋ ದಾರಿ ಪಕ್ಕದಲ್ಲೇ ಹಾಕಿ. ಸೌಂಡ್ ಹುಡುಗನಿಗೆ ವಾಲ್ಯೂಮ್ ಜಾಸ್ತಿ ಬೇಡಪ್ಪ, ಡೈಲಾಗ್ ಕ್ಲಿಯರ್ ಆಗಿ ಕೇಳ್ಸಿದ್ರೆ ಸಾಕು ಅಂತ ಹೇಳಿ, ನೀವೇ ಹೋಗಿ ಕೊನೇ ಸಾಲಲ್ಲಿ ಕೂತು ಪಿಸುಮಾತಿನ ಒಂದು ಸೀನ್ ಹಾಕ್ಸಿ ಕೇಳಿ.

ಲ್ಯಾಪ್‌ಟಾಪ್‌ಗೆ ಒಬ್ಬರನ್ನ ಬಿಡಿ, ಅವರಿಗೆ ಬೇರೆ ಯಾವ ಕೆಲಸನೂ ಹೇಳ್ಬೇಡಿ. ನೋಟಿಫಿಕೇಷನ್ ಆಫ್, ಸ್ಲೀಪ್ ಆಫ್, ಇಂಟರ್ನೆಟ್ ಆಫ್, ಸಿನಿಮಾ ಲ್ಯಾಪ್‌ಟಾಪ್ ಒಳಗೇ ಕಾಪಿ ಆಗಿರ್ಬೇಕು, ಪೆನ್‌ಡ್ರೈವಲ್ಲಿ ಇನ್ನೊಂದು ಕಾಪಿ. ಎಫ್‌ಎಟಿ32 ಫಾರ್ಮ್ಯಾಟ್ ಪೆನ್‌ಡ್ರೈವ್‌ಗೆ 4 ಜಿಬಿಗಿಂತ ದೊಡ್ಡ ಫೈಲ್ ಹೋಗಲ್ಲ, ಅದನ್ನ ಮೊದಲೇ ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟ್‌ಗೆ ಬದಲಾಯಿಸ್ಕೊಳ್ಳಿ. ಕನ್ನಡ ಸಬ್‌ಟೈಟಲ್ ಇದ್ರೆ ಇಡೀ ಸಿನಿಮಾ ಒಂದು ಸಲ ಓಡಿಸಿ ನೋಡಿ, ಒತ್ತಕ್ಷರ ಒಡೆದು ಬರೋದುಂಟು, ಹಾಗಾದ್ರೆ ಸಬ್‌ಟೈಟಲ್‌ನ ವಿಡಿಯೋ ಒಳಗೇ ಸೇರಿಸಿರೋ ಫೈಲ್ ಕೇಳಿ ತರಿಸ್ಕೊಳ್ಳಿ.

ಸಂವಾದಕ್ಕೆ ಬರೋಣ. ಐದು ಜನ ಗಣ್ಯರು ಸ್ಟೇಜ್ ಮೇಲೆ ಕೂತು ಕನ್ನಡ ಚಿತ್ರರಂಗದ ಭವಿಷ್ಯ ಅಂತ ಮಾತಾಡೋ ಪ್ಯಾನೆಲ್ ದಯವಿಟ್ಟು ಬೇಡ, ಅದು ಯಾವ ಊರಲ್ಲಾದ್ರೂ ಆಗುತ್ತೆ. ಒಂದು ಸಿನಿಮಾ, ಅದನ್ನ ಮಾಡಿದ ಇಬ್ಬರು, ಈಗ ತಾನೇ ನೋಡಿ ಮುಗಿಸಿರೋ ಜನ, ಇಷ್ಟು ಸಾಕು. ನಿರ್ದೇಶಕರ ಜೊತೆ ಸೌಂಡ್ ರೆಕಾರ್ಡ್ ಮಾಡಿದೋರನ್ನೋ, ಪಾತ್ರ ಮಾಡಿದ ಒಬ್ಬರನ್ನೋ ಕರೀರಿ. ‘ತಿಥಿ’ಯಂಥ ಸಿನಿಮಾ ತಗೊಳ್ಳಿ, ಮಂಡ್ಯ ಜಿಲ್ಲೆ ನೊದೆಕೊಪ್ಪಲಿನಲ್ಲಿ ನಟನೆ ಗೊತ್ತೇ ಇಲ್ಲದ ಊರ ಜನನ್ನ ಹಾಕ್ಕೊಂಡು ಮಾಡಿದ್ದು, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರಶಸ್ತಿ ಬಂತು. ಅಂಥ ಸಿನಿಮಾ ನೋಡಿದ ಮೇಲೆ ಜನಕ್ಕೆ ಕೇಳೋಕಿರೋದು ಥಿಯರಿ ಅಲ್ಲ, ಊರೋರಿಗೆ ಏನು ಹೇಳಿ ಒಪ್ಪಿಸಿದ್ರಿ, ಕ್ಯಾಮೆರಾ ಮುಂದೆ ನಿಂತಾಗ ನಾಚಿಕೆ ಆಗ್ಲಿಲ್ವಾ, ಇಂಥದ್ದು.

ನಡೆಸಿಕೊಡೋರು ಸಿನಿಮಾನ ಎರಡು ಸಲ ನೋಡಿರ್ಬೇಕು. ಮೊದಲ ಪ್ರಶ್ನೆ ಅವರದ್ದೇ, ಅದೂ ಒಂದು ನಿರ್ದಿಷ್ಟ ಸೀನ್ ಬಗ್ಗೆ. ನಿಮ್ಮ ಸ್ಫೂರ್ತಿ ಯಾರು ಅಂತ ಶುರು ಮಾಡಿದ್ರೆ ಹತ್ತು ನಿಮಿಷ ಅಲ್ಲೇ ಹೋಯ್ತು. ಸಿನಿಮಾ ಮುಗಿದ ತಕ್ಷಣ ಮೈಕ್ ಹಿಡೀಬೇಡಿ, ಟೈಟಲ್ಸ್ ಪೂರ್ತಿ ಓಡ್ಲಿ, ಆಮೇಲೆ ಮೂರು ನಿಮಿಷ ಪಕ್ಕದಲ್ಲಿ ಕೂತೋರ ಜೊತೆ ಮಾತಾಡ್ಕೊಳ್ಳಿ ಅಂತ ಬಿಡಿ. ಇದನ್ನ ಮಾಡಿ ನೋಡಿ, ಕೈ ಎತ್ತೋಕೆ ಹಿಂಜರಿಯೋ ಹೆಂಗಸರು, ಕಾಲೇಜು ಹುಡುಗ್ರು ಬಾಯಿಬಿಡೋದೇ ಆಮೇಲೆ. ಮೈಕನ್ನ ವಾಲಂಟಿಯರ್ ಕೈಯಿಂದ ಬಿಡ್ಬಾರ್ದು, ಕೇಳೋರ ಬಾಯಿ ಹತ್ರ ಹಿಡಿದರೆ ಸಾಕು, ಕೈಗೆ ಕೊಟ್ರೆ ಭಾಷಣ ಶುರುವಾಗುತ್ತೆ. ಯಾರಾದ್ರೂ ದೊಡ್ಡೋರು ಎಳೀತಾ ಹೋದ್ರೆ, ಸರ್ ನಿಮ್ಮ ಪ್ರಶ್ನೆ ಇದೇ ಅಲ್ವಾ ಅಂತ ಅವರ ಮಾತನ್ನ ಒಂದು ಸಾಲಿಗೆ ಇಳಿಸಿ ನಿರ್ದೇಶಕರಿಗೆ ದಾಟಿಸಿ, ಅವರಿಗೂ ಮರ್ಯಾದೆ, ನಿಮಗೂ ಟೈಮ್ ಉಳಿತು.

ಮಾತಿಗೆ ಉದ್ದ ಸಿನಿಮಾನೇ ಬೇಕು ಅಂತಿಲ್ಲ. ಮೈಸೂರಿನ ಚಿದಾನಂದ ನಾಯ್ಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಬರೀ 16 ನಿಮಿಷದ್ದು, 2024ರಲ್ಲಿ ಫ್ರಾನ್ಸಿನ ಕಾನ್ ಫೆಸ್ಟಿವಲ್‌ನಲ್ಲಿ, ಫಿಲ್ಮ್ ಸ್ಕೂಲ್ ವಿದ್ಯಾರ್ಥಿಗಳ ಸಿನಿಮಾಗಳಿಗೇ ಇರೋ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದದ್ದು. ಅಜ್ಜಿ ಹುಂಜ ಎತ್ತಿಕೊಂಡು ಹೋಗಿ ಊರಿಗೆ ಬೆಳಗೇ ಆಗದ ಜನಪದ ಕತೆ ಅದರಲ್ಲಿರೋದು. ಇಂಥದ್ದಕ್ಕೆ ಒಪ್ಪಿಗೆ ಸಿಕ್ರೆ ತೋರಿಸಿ, ಆಮೇಲೆ ಏರಿಯಾದ ನಾಲ್ಕು ಜನ ಅಜ್ಜಿ ತಾತಂದ್ರನ್ನ ಕೂರಿಸಿ, ನಿಮ್ಮೂರ ಕಡೆ ಈ ಕತೆ ಹೇಗೆ ಹೇಳ್ತಿದ್ರಿ ಅಂತ ಕೇಳಿ. ಹಾಸನದ ಕಡೆಯೋರು ಒಂಥರ, ಧಾರವಾಡದ ಕಡೆಯೋರು ಒಂಥರ ಹೇಳಿದ್ರೆ ಅದೇ ಒಂದು ಸಂಜೆ.

ನನಗೆ ತುಂಬಾ ಇಷ್ಟವಾದದ್ದು ಮೂಕಿ ಸಿನಿಮಾಗೆ ಲೈವ್ ಮ್ಯೂಸಿಕ್. ಬಸ್ಟರ್ ಕೀಟನ್ನಿನ ‘ಶೆರ್ಲಾಕ್ ಜೂನಿಯರ್’ 1924ರದ್ದು, 45 ನಿಮಿಷ, ಪ್ರೊಜೆಕ್ಟರ್ ಓಡಿಸೋ ಹುಡುಗ ನಿದ್ದೆ ಹೋಗಿ ಪರದೆ ಒಳಗೇ ನಡೆದು ಹೋಗ್ತಾನೆ, ಐದು ವರ್ಷದ ಮಗುವಿಗೂ ಅರ್ಥ ಆಗುತ್ತೆ. ನಮ್ಮ ಕಾನೂನಲ್ಲಿ ಸಿನಿಮಾದ ಕಾಪಿರೈಟ್ ಬಿಡುಗಡೆಯಾಗಿ 60 ವರ್ಷಕ್ಕೆ ಮುಗಿಯುತ್ತೆ, ಆದ್ರೆ ಇತ್ತೀಚೆಗೆ ಡಿವಿಡಿ ಬ್ಲೂರೇಗೆ ಅಂತ ಸೇರಿಸಿದ ಮ್ಯೂಸಿಕ್ ಬೇರೆಯವರದ್ದು, ಅದನ್ನ ಪೂರ್ತಿ ಮ್ಯೂಟ್ ಮಾಡಿ. ಏರಿಯಾದಲ್ಲಿ ವಯಲಿನ್ ಕಲೀತಿರೋ ಹುಡುಗಿ, ತಬಲಾ ಬಾರ್ಸೋರು, ಕೀಬೋರ್ಡ್ ಇರೋ ಹುಡುಗ, ಮೂರು ಜನ ಸಾಕು. ಮೂರು ವಾರ ಮುಂಚೆ ಫೈಲ್ ಕೊಟ್ಟು, ಎಷ್ಟನೇ ನಿಮಿಷಕ್ಕೆ ಓಟ, ಎಷ್ಟನೇ ನಿಮಿಷಕ್ಕೆ ಬೀಳೋದು ಅಂತ ಒಂದು ಹಾಳೆ ಬರ್ಕೊಳ್ಳೋಕೆ ಹೇಳಿ. ಪೂರ್ತಿ ಕಂಪೋಸ್ ಮಾಡೋದು ಬೇಡ, ಪ್ರತಿ ಪಾತ್ರಕ್ಕೆ ಒಂದು ಸಣ್ಣ ಟ್ಯೂನ್, ಓಡೋದಕ್ಕೆ ಒಂದು ನಡೆ, ಬಾಕಿ ಅಲ್ಲೇ ನುಡಿಸ್ತಾರೆ. ಬೀಳೋ ಏಟಿಗೆ ತಬಲಾ ಒಂದು ಕ್ಷಣ ಮುಂಚೆ ಬಿದ್ರೆ ನಗು ಹೋಯ್ತು, ಅದಕ್ಕೇ ಕನಿಷ್ಠ ಎರಡು ರಿಹರ್ಸಲ್ ಪರದೆ ನೋಡ್ಕೊಂಡೇ ಆಗ್ಬೇಕು. ನುಡಿಸೋರು ಜನಕ್ಕೆ ಮುಖ ಮಾಡದೇ ಪರದೆ ಕಾಣೋ ಹಾಗೆ ಓರೆಯಾಗಿ ಕೂರ್ಲಿ, ಹಾಳೆ ಓದೋಕೆ ಸಣ್ಣ ಲೈಟು, ಆ ಬೆಳಕು ಪರದೆಗೆ ಹೋಗದ ಹಾಗೆ ರಟ್ಟು ಅಡ್ಡ ಇಡಿ.

ಮಧ್ಯೆ ಬರೋ ಇಂಗ್ಲಿಷ್ ಅಕ್ಷರದ ಕಾರ್ಡುಗಳನ್ನ ಕನ್ನಡದಲ್ಲಿ ಹೇಳೋಕೆ ಒಬ್ಬರು ಬೇಕು. ಮೂಕಿ ಕಾಲದಲ್ಲಿ ಪರದೆ ಪಕ್ಕ ನಿಂತು ಕತೆ ಹೇಳೋರು ಇದ್ರು, ಜಪಾನಲ್ಲಂತೂ ಬೆನ್ಶಿ ಅಂತ ಅದೇ ಒಂದು ವೃತ್ತಿ ಆಗಿತ್ತು. ನಿಮ್ಮ ಏರಿಯಾದಲ್ಲಿ ಹರಿಕಥೆ, ತಾಳಮದ್ದಲೆ ಅಭ್ಯಾಸ ಇರೋರೋ, ಸ್ಕೂಲ್ ನಾಟಕದಲ್ಲಿ ಮಿಂಚೋ ಹುಡುಗಿಯೋ ಖಂಡಿತ ಇರ್ತಾರೆ, ಮೈಕ್ ಅವರಿಗೆ ಕೊಡಿ.

ಮಕ್ಕಳ ಶೋ ಬೆಳಿಗ್ಗೆ 10.30ಕ್ಕೆ, ಒಟ್ಟು 40 ನಿಮಿಷ ದಾಟದ ಮಾತಿಲ್ಲದ ಶಾರ್ಟ್ಸು. ಆಮೇಲೆ ಮಕ್ಕಳ ಕೈಗೆ ಕೆಲಸ ಕೊಡಿ, ಫೋನು, ಜೇಡಿಮಣ್ಣು, ಸ್ಟಾಪ್ ಮೋಷನ್ ಆಪ್ ಅಷ್ಟೇ, ಅಂದ್ರೆ ಮಣ್ಣಿನ ಗೊಂಬೆನ ಚೂರು ಚೂರೇ ಸರಿಸಿ ಒಂದೊಂದೇ ಫೋಟೋ ತೆಗೆದು ಜೋಡಿಸಿ ಓಡಿಸೋದು. ಸೆಕೆಂಡಿಗೆ 12 ಫೋಟೋ ಅಂದ್ರೆ 10 ಸೆಕೆಂಡಿಗೆ 120, ಒಂದು ಟೀಮಿಗೆ ಎರಡು ಗಂಟೆ ಹಿಡಿಯುತ್ತೆ. ಫೋನನ್ನ ಸ್ಟ್ಯಾಂಡಿಗೆ ಟೇಪ್ ಹಾಕಿ ಅಂಟ್ಸಿ, ಇಲ್ಲಾಂದ್ರೆ ಪ್ರತಿ ಫೋಟೋಗೂ ಅಲುಗಾಡುತ್ತೆ. ಆ ಹತ್ತು ಸೆಕೆಂಡನ್ನ ಸಂಜೆ ದೊಡ್ಡ ಪರದೆ ಮೇಲೆ ಮುಖ್ಯ ಸಿನಿಮಾಗೆ ಮುಂಚೆ ಹಾಕಿ, ಅಪ್ಪ ಅಮ್ಮ ಅಜ್ಜಿ ಎಲ್ಲಾ ಬರ್ತಾರೆ.

ಕೊನೇದು ಹಳೇ ವಿಡಿಯೋ ಸಂಜೆ, ಬೇರೆ ಏರಿಯಾದಲ್ಲೂ ಹೀಗೇ ಆಗ್ತಿತ್ತಾ ಅಂತ ಮೊದಲೇ ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉತ್ತರ ನಂಗೆ ಗೊತ್ತಿಲ್ಲ. ಮನೆಯೋರೇ ತೆಗೆದ ಹಳೇ ಚಿತ್ರಗಳನ್ನ ಒಟ್ಟಿಗೆ ನೋಡೋಕೆ ಹೋಮ್ ಮೂವಿ ಡೇ ಅಂತ ಬೇರೆ ಬೇರೆ ದೇಶದಲ್ಲಿ ಅಕ್ಟೋಬರ್‌ನಲ್ಲಿ ಮಾಡ್ತಾರೆ, ನೀವು ನಿಮ್ಮ ಫೆಸ್ಟಿವಲ್ ಒಳಗೆ ಸೇರಿಸ್ಕೊಳ್ಳಿ. ಬೀರು ಮೇಲೆ, ಅಟ್ಟದಲ್ಲಿ ಮದುವೆ ಕ್ಯಾಸೆಟ್, ನಾಮಕರಣದ ಕ್ಯಾಸೆಟ್ ಇಲ್ಲದ ಬೀದಿ ಇಲ್ಲ. ಎರಡು ತಿಂಗಳು ಮುಂಚೆ ಮನೆ ಮನೆಗೆ ಹೋಗಿ ಕೇಳಿ, ಪ್ರತಿ ಕ್ಯಾಸೆಟ್ ಮೇಲೂ ಹೆಸರು, ಮನೆ ನಂಬರ್ ಬರೆದು ಚೀಟಿ ಅಂಟ್ಸಿ, ಇದು ಜನರ ಹತ್ರ ಇರೋ ಒಂದೇ ಕಾಪಿ ಅನ್ನೋದು ತಲೇಲಿರ್ಲಿ. ಪ್ಲೇಯರ್‌ಗೆ ಹಾಕೋ ಮುಂಚೆ ಕ್ಯಾಸೆಟ್ ಕಿಟಕಿಯಿಂದ ಟೇಪ್ ಸುರುಳಿ ಮೇಲೆ ಟಾರ್ಚ್ ಬಿಟ್ಟು ನೋಡಿ, ಬಿಳಿ ಪುಡಿ ಥರ ಕಂಡ್ರೆ ಅದು ಫಂಗಸ್, ಹಾಕ್ಬೇಡಿ, ಪ್ಲೇಯರ್ ಒಳಗೆ ಟೇಪ್ ಓದೋ ಹೆಡ್‌ಗೆ ಹತ್ತಿ ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತೆ, ಅದನ್ನ ಕ್ಲೀನ್ ಮಾಡೋರ ಹತ್ರ ಕೊಡಿ. ಉಳಿದಿದ್ದನ್ನ ವಿಸಿಆರ್ ಅಂದ್ರೆ ಕ್ಯಾಸೆಟ್ ಪ್ಲೇಯರ್‌ನಿಂದ, ವಿಡಿಯೋನ ಕಂಪ್ಯೂಟರ್‌ಗೆ ತರೋ ಯುಎಸ್‌ಬಿ ಕ್ಯಾಪ್ಚರ್ ಅನ್ನೋ ಸಾಧನದ ಮೂಲಕ ಲ್ಯಾಪ್‌ಟಾಪ್‌ಗೆ ಇಳಿಸಿ, ಮೂರು ಗಂಟೆ ಕ್ಯಾಸೆಟ್‌ಗೆ ಮೂರು ಗಂಟೆಯೇ ಬೇಕು, ಶಾರ್ಟ್‌ಕಟ್ ಇಲ್ಲ.

ಒಂದು ಮನೆಗೆ ಮೂರು ನಾಲ್ಕು ನಿಮಿಷ, ಅಷ್ಟೇ. ಆರತಕ್ಷತೆ ಸಾಲು ಬಿಟ್ಟು, ಮನೆ ಹೊರಗಡೆ ತೆಗೆದದ್ದು, ಚಪ್ಪರ ಹಾಕಿದ ಬೀದಿ, ವರನ ಕಾರು ತಿರುಗಿದ ಸರ್ಕಲ್ಲು, ಹಿಂದೆ ಕಾಣೋ ಅಂಗಡಿ ಬೋರ್ಡು, ಇಂಥದ್ದನ್ನ ಆರಿಸಿ. ಮದುವೆ ಮುರಿದಿರ್ಬಹುದು, ಅದರಲ್ಲಿರೋರು ತೀರ್ಕೊಂಡಿರ್ಬಹುದು, ಹಾಗಾಗಿ ಕಟ್ ಮಾಡಿದ ತುಣುಕನ್ನ ಮೊದಲು ಆ ಮನೆಯೋರಿಗೆ ಒಬ್ಬೊಬ್ಬರಿಗೇ ತೋರಿಸಿ ಹೂಂ ಅನ್ನಿಸ್ಕೊಳ್ಳಿ, ಬೇಡ ಅಂದ್ರೆ ಕಾರಣ ಕೇಳ್ದೇ ತೆಗೀರಿ. ಅವತ್ತು ಸಂಜೆ ಕ್ಯಾಸೆಟ್‌ನ ಹಾಡು ತಗ್ಗಿಸಿ ಆ ಮನೆ ಆಂಟಿಗೋ ಅಂಕಲ್‌ಗೋ ಮೈಕ್ ಕೊಡಿ, ಚಿತ್ರ ಓಡ್ತಿರೋ ಹಾಗೇ ಮಾತಾಡ್ಲಿ. ಹಿಂದಿನ ಸಾಲಿಂದ ಯಾರಾದ್ರೂ ಏಯ್ ಅದು ನಮ್ಮಣ್ಣ ಅಂತ ಕೂಗಿದ್ರೆ ವಿಡಿಯೋ ಅಲ್ಲೇ ನಿಲ್ಲಿಸಿ, ಅವರಿಗೂ ಹೇಳೋಕೆ ಬಿಡಿ.

ಮುಗಿದ ವಾರದೊಳಗೆ ಮಾಡ್ಬೇಕಾದ್ದು: ಕ್ಯಾಸೆಟ್ ವಾಪಸ್, ಜೊತೆಗೆ ಪೂರ್ತಿ ವಿಡಿಯೋ ಇರೋ ಪೆನ್‌ಡ್ರೈವ್. ನುಡಿಸಿದೋರಿಗೆ, ಸಿನಿಮಾ ಕೊಟ್ಟೋರಿಗೆ ದುಡ್ಡು ಹಾಕಿ, ಎಷ್ಟು ಜನ ಬಂದಿದ್ರು, ಏನೇನು ಕೇಳಿದ್ರು ಅಂತ ನಿರ್ದೇಶಕರಿಗೆ ಬರೆದು ಎರಡು ಫೋಟೋ ಕಳ್ಸಿ, ಪರದೆ ಕಡೆಯಿಂದ ಜನರ ಮುಖ ಕಾಣೋ ಹಾಗೆ ತೆಗೆದ ಫೋಟೋ.