ಲೇಔಟ್ ನೋಡೋಕೆ ಹೋದರೆ ಮೊದಲು ಕಮಾನಿನ ಹೊರಗೆ ನಿಲ್ಲಿ

ಹಾಸನದಿಂದ ಯಾವ ಕಡೆ ಹೊರಟರೂ ಈಗ ಹೊಸ ಲೇಔಟಿನ ಬೋರ್ಡ್ ಕಾಣುತ್ತದೆ. ಸೈಟ್ ನೋಡಲು ಹೋದವರು ಪೂರ್ವ ದಿಕ್ಕಾ, ಮೂಲೆ ಸೈಟಾ, ಚದರಡಿಗೆ ಎಷ್ಟು ಅಂತ ಕೇಳುತ್ತಾರೆ. ಒಳಗೆ ಮೂವತ್ತು ಅಡಿ ರಸ್ತೆ, ಹೊಳೆಯುವ ಡಾಂಬರು, ಎರಡೂ ಬದಿ ಗಿಡ. ಎಲ್ಲ ಚೆನ್ನಾಗಿಯೇ ಇರುತ್ತದೆ. ಆದರೆ ಆ ರಸ್ತೆ ಹೊರಗಿನ ರಸ್ತೆಗೆ ಸೇರುವ ಜಾಗದಲ್ಲಿ ಐದು ನಿಮಿಷ ಸುಮ್ನೆ ನಿಂತು ನೋಡಿದವರನ್ನು ನಾನು ಕಂಡಿದ್ದು ಕಡಿಮೆ.

ನನಗೂ ಪೆಟ್ಟು ಬಿದ್ದ ಮೇಲೆಯೇ ಬುದ್ಧಿ ಬಂದದ್ದು. ಮೊದಲ ಸೈಟ್ ತೆಗೆದುಕೊಂಡು ಬೋರ್‌ವೆಲ್ ಕೊರೆಸಲು ಕರೆಸಿದ ದಿನ, ಎರಡು ದೊಡ್ಡ ಲಾರಿ ಬಂದು ಮುಖ್ಯರಸ್ತೆಯಲ್ಲೇ ನಿಂತವು. ಲೇಔಟಿಗೆ ಹೋಗುವ ಊರಿನ ರಸ್ತೆಯ ಡಾಂಬರು ಹನ್ನೆರಡು ಅಡಿ, ಅದರಲ್ಲಿ ಒಂದು ಮೊಳಕೈ ತಿರುವು. ಲಾರಿ ತಿರುಗಲೇ ಇಲ್ಲ. ಪಕ್ಕದ ಜಮೀನಿನವರ ಕೈಕಾಲು ಹಿಡಿದು, ಬೇಲಿಯ ಎರಡು ಕಲ್ಲುಕಂಬ ಕೀಳಿಸಿ, ಸಂಜೆ ಮತ್ತೆ ನೆಡಿಸಿ, ಅದಕ್ಕೆ ಕೂಲಿ ಬೇರೆ ಕೊಟ್ಟೆ. ಅವತ್ತು ರಾತ್ರಿ ಹೊಳೆಯಿತು: ಬೋರ್‌ವೆಲ್ ಲಾರಿ ತಿರುಗದ ಕಡೆ ಅಗ್ನಿಶಾಮಕದ ಗಾಡಿಯೂ ತಿರುಗುವುದಿಲ್ಲ.

ಹಾಗಾಗಿ ಈಗ ಯಾರಾದರೂ ಸೈಟ್ ನೋಡಿ ಬಾ ಅಂದರೆ ಟೇಪು, ನೋಟ್‌ಬುಕ್ಕು, ಫೋನು ಹಿಡಿದುಕೊಂಡು ಹೋಗುತ್ತೇನೆ. ಇಂಜಿನಿಯರ್ ಆಗಬೇಕಿಲ್ಲ. ನೀವು ಪಕ್ಕದ ಊರಿನವರಾಗಿ, ಬರಲಿರುವ ಲೇಔಟಿನಿಂದ ನಿಮ್ಮ ರಸ್ತೆಗೆ ಏನಾಗುತ್ತದೆ ಅಂತ ತಿಳಿಯಬೇಕಿದ್ದರೂ ಇದೇ ಕ್ರಮ.

ಮೊದಲು ಕಾಗದದ ಕೆಲಸ, ಅದು ಬಹುಪಾಲು ಮನೆಯಲ್ಲೇ ಕೂತು ಆಗುತ್ತದೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಅಂತ ತೋರಿಸುತ್ತದೆ. ಕಂದಾಯ ಇಲಾಖೆಯ ವೆಬ್‌ಸೈಟಿನಿಂದ ಗ್ರಾಮ ನಕಾಶೆ ಇಳಿಸಿಕೊಂಡು, ಮುಖ್ಯರಸ್ತೆಯಿಂದ ಲೇಔಟಿನವರೆಗೆ ದಾರಿ ಗುರುತಾಗಿದೆಯಾ ನೋಡಿ. ಎರಡು ಸಾಲು ಚುಕ್ಕೆ ಇದ್ದರೆ ಬಂಡಿದಾರಿ, ಒಂದೇ ಸಾಲಾದರೆ ಕಾಲುದಾರಿ. ಏನೂ ಇಲ್ಲದಿದ್ದರೆ ನೀವು ಕಾರು ಓಡಿಸಿಕೊಂಡು ಬಂದದ್ದು ಯಾರದೋ ಹೊಲದ ಮೇಲೆ ಇರಬಹುದು, ನಾಳೆ ಅವರು ಬೇಲಿ ಹಾಕಿದರೆ ಮುಗಿಯಿತು. ಹೊರಗಿನ ರಸ್ತೆ ಯಾರಿಗೆ ಸೇರಿದ್ದು ಅಂತಲೂ ತಿಳಿದುಕೊಳ್ಳಿ. ಬೆಂಗಳೂರು–ಮಂಗಳೂರು ರಸ್ತೆ ರಾಷ್ಟ್ರೀಯ ಹೆದ್ದಾರಿ 75. ಬಿಳಿಕೆರೆಯಿಂದ ಹಾಸನದ ಮೇಲೆ ಬೇಲೂರಿಗೆ ಹೋಗುವುದು 373. ಹೆದ್ದಾರಿಗೆ ನೇರ ಬಾಯಿ ತೆರೆಯಲು ಹೆದ್ದಾರಿಯವರ ಅನುಮತಿ ಬೇಕು, ಹಾಸನ ನಗರಾಭಿವೃದ್ಧಿ ಪ್ರಾಧಿಕಾರ (ಹುಡಾ) ನಕ್ಷೆ ಪಾಸ್ ಮಾಡಿದೆ ಅಂದಮಾತ್ರಕ್ಕೆ ಅದು ಬಂದಂತಲ್ಲ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆಯಾದರೆ ಲೋಕೋಪಯೋಗಿ ಇಲಾಖೆ. ಆ ಪತ್ರದ ಪ್ರತಿ ತೋರಿಸಿ ಅಂತ ಕೇಳಿ. 'ಅದೆಲ್ಲಾ ಆಗುತ್ತೆ ಸಾರ್' ಅಂದರೆ ಇನ್ನೂ ಆಗಿಲ್ಲ ಅಂತಲೇ ತಿಳಿಯಿರಿ.

ಇನ್ನು ಜಾಗಕ್ಕೆ ಹೋಗೋಣ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ನೋಟದ ಪರೀಕ್ಷೆ. ಇಬ್ಬರು ಬೇಕು. ನೀವು ಲೇಔಟಿನಿಂದ ಹೊರಗೆ ಬರುವವರ ಹಾಗೆ ಸ್ಕೂಟರ್ ಮೇಲೆ ಕೂತು, ಡಾಂಬರಿನ ಅಂಚಿಗೆ ಮೂರು ಮೀಟರ್ ಹಿಂದೆಯೇ ನಿಲ್ಲಿ. ಜೊತೆಗಾರ ಕೆಂಪು ಟವೆಲ್ ಹಿಡಿದು, ರಸ್ತೆ ಬದಿಯಲ್ಲಿ ಉದ್ದ ಹೆಜ್ಜೆ ಹಾಕಿಕೊಂಡು ದೂರ ಹೋಗಲಿ. ಟವೆಲ್ ಕಾಣದಾದ ತಕ್ಷಣ ಫೋನಿನಲ್ಲಿ 'ನಿಲ್ಲು' ಅನ್ನಿ. ಎಷ್ಟು ಹೆಜ್ಜೆ ಅಂತ ಬರೆದುಕೊಳ್ಳಿ, ಒಂದು ಉದ್ದ ಹೆಜ್ಜೆಗೆ ಮುಕ್ಕಾಲು ಮೀಟರ್ ಲೆಕ್ಕ. ಎರಡೂ ಕಡೆ ಮಾಡಿ. ಬಲಗಡೆ ಇನ್ನೂ ಹುಷಾರಾಗಿ ನೋಡಿ, ಯಾಕೆಂದರೆ ಬಲದಿಂದ ಬರುವ ಗಾಡಿಯೇ ನಿಮ್ಮ ಮೂತಿಯ ಪಕ್ಕ ಹಾಯುವುದು.

ಎಷ್ಟು ದೂರ ಕಂಡರೆ ಸಾಕು ಅನ್ನುವುದು ಗಾಡಿಗಳ ವೇಗದ ಮೇಲೆ ಇದೆ. ರಸ್ತೆಗಳಿಗೆ ಅಳತೆ ನಿಗದಿ ಮಾಡುವ ಭಾರತೀಯ ರಸ್ತೆ ಕಾಂಗ್ರೆಸ್ (ಐಆರ್‌ಸಿ) ಸಂಸ್ಥೆಯ ಮಾನದಂಡದಲ್ಲಿ ಗಂಟೆಗೆ 40 ಕಿ.ಮೀ. ವೇಗಕ್ಕೆ 45 ಮೀಟರ್, 50ಕ್ಕೆ 60 ಮೀಟರ್, 60ಕ್ಕೆ 80 ಮೀಟರ್ ಬೇಕು. ಇಷ್ಟೆಲ್ಲ ಯಾಕೆ ಅಂದರೆ, 60ರಲ್ಲಿ ಬರುವವನು ಸೆಕೆಂಡಿಗೆ 16.7 ಮೀಟರ್ ಬರುತ್ತಾನೆ. ನಿಮ್ಮನ್ನು ನೋಡಿ, ಗಾಬರಿಯಾಗಿ, ಕಾಲು ಬ್ರೇಕಿಗೆ ಹೋಗುವುದಕ್ಕೆ ಎರಡೂವರೆ ಸೆಕೆಂಡ್ ಅಂತ ಹಿಡಿದರೆ ಬ್ರೇಕ್ ಮುಟ್ಟುವ ಮೊದಲೇ 42 ಮೀಟರ್ ಖರ್ಚು. ಉಳಿದದ್ದು ಗಾಡಿ ನಿಲ್ಲುವುದಕ್ಕೆ.

ವೇಗ ಅಳೆಯುವುದೂ ಸುಲಭ. ಟೇಪಿನಿಂದ 50 ಮೀಟರ್ ಅಳೆದು ಎರಡು ತುದಿಗೂ ಕಲ್ಲಿಡಿ, ಫೋನಿನ ಸ್ಟಾಪ್‌ವಾಚ್ ಒತ್ತಿ. 3 ಸೆಕೆಂಡಿನಲ್ಲಿ ದಾಟಿದರೆ 60 ಕಿ.ಮೀ., 3.6 ಆದರೆ 50, 4.5 ಆದರೆ 40. ಇಪ್ಪತ್ತು ಗಾಡಿ ಅಳೆದು, ಜೋರಾಗಿ ಹೋದ ಮೂರನ್ನು ಬಿಟ್ಟು ನಾಲ್ಕನೆಯದರ ವೇಗ ತೆಗೆದುಕೊಳ್ಳಿ. ಸರಾಸರಿ ತೆಗೆಯಬೇಡಿ, ನಿಧಾನಕ್ಕೆ ಬರುವ ತಾತನ ಲೂನಾ ಯಾರಿಗೂ ಗುದ್ದುವುದಿಲ್ಲ ಅಲ್ವಾ?

ಡಿವೈಡರ್ ಇರುವ ರಸ್ತೆಯಾದರೆ ಇನ್ನೊಂದು ಕೆಲಸ ಇದೆ. ಚನ್ನರಾಯಪಟ್ಟಣದ ಕಡೆ ಹೆದ್ದಾರಿ ನಾಲ್ಕು ಪಥ. ಲೇಔಟ್ ಬಾಯಿಯಿಂದ ಹತ್ತಿರದ ಯೂ-ಟರ್ನ್ ಎಷ್ಟು ದೂರ ಅಂತ ಬೈಕಿನ ಮೀಟರಿನಲ್ಲಿ ನೋಡಿ. ಒಂದು ಕಿಲೋಮೀಟರ್ ಇದ್ದರೆ ಯಾರೂ ಹೋಗುವುದಿಲ್ಲ. ಹಾಲು ತರಲು ಹೊರಟವನು, ಮಗುವನ್ನು ಶಾಲೆಗೆ ಬಿಡುವವಳು, ಎಲ್ಲರೂ ರಾಂಗ್ ಸೈಡಿನಲ್ಲೇ. ಸರ್ವಿಸ್ ರಸ್ತೆ ಇದೆಯಾ, ಇದ್ದರೆ ಅದು ಲೇಔಟಿನವರೆಗೂ ಬರುತ್ತದಾ ಅಂತ ನಡೆದೇ ನೋಡಿ. ಡಿವೈಡರ್ ಇಲ್ಲದ ರಸ್ತೆಯಲ್ಲಿ ಬಲಕ್ಕೆ ತಿರುಗುವವನು ಮಧ್ಯದಲ್ಲಿ ಕಾಯಬೇಕು. ಆಗ ಹಿಂದಿನ ಬಸ್ಸಿಗೆ ಎಡಗಡೆಯಿಂದ ಹೋಗಲು ಜಾಗ ಇದೆಯಾ?

ಲೇಔಟ್ ರಸ್ತೆ ಕೆಳಗಿನಿಂದ ಹತ್ತಿ ಮುಖ್ಯರಸ್ತೆಗೆ ಸೇರಿದರೆ, ಸೇರುವ ಮೊದಲು ಒಂದು ಕಾರಿನ ಉದ್ದವಾದರೂ ಸಮತಟ್ಟು ಇರಬೇಕು. ಹಂಪ್ ಬೇಕಾದದ್ದು ಲೇಔಟಿನ ಸ್ವಂತ ರಸ್ತೆಯಲ್ಲಿ, ಹೊರಗೆ ಬರುವವರನ್ನು ತಡೆಯಲು. ಅದೂ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ್ದು, ಬೆನ್ನು ಮುರಿಯುವ ಇಟ್ಟಿಗೆ ದಿಬ್ಬವಲ್ಲ.

ಇನ್ನು ಗಾಡಿಗಳ ಎಣಿಕೆ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ ಮತ್ತು ಸಂಜೆ ಶಾಲೆ ಬಿಡುವ ಹೊತ್ತು ಕೂತು ಗೆರೆ ಹಾಕಿ. ಒಂದೊಂದು ಗಾಡಿ ರಸ್ತೆಯನ್ನು ಎಷ್ಟು ತಡೆಯುತ್ತದೋ ಅದಕ್ಕೆ ತಕ್ಕ ಅಂಕ: ಬೈಕಿಗೆ ಅರ್ಧ, ಕಾರು ಆಟೋಗೆ ಒಂದು, ಬಸ್ಸು ಲಾರಿಗೆ ಮೂರು, ಟ್ರೇಲರ್ ಕಟ್ಟಿದ ಟ್ರಾಕ್ಟರಿಗೆ ನಾಲ್ಕೂವರೆ. ಎತ್ತಿನಗಾಡಿಗೆ ಎಂಟು! (ಶುಂಠಿ, ಆಲೂಗಡ್ಡೆ ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆ ಯಾಕೆ ಕಟ್ಟಿಕೊಳ್ಳುತ್ತದೆ ಅಂತ ಈಗ ಗೊತ್ತಾಯ್ತಲ್ಲ.) 3.75 ಮೀಟರ್ ಅಗಲದ ಒಂಟಿ ಪಥದ ರಸ್ತೆಗೆ ದಿನಕ್ಕೆ (ನೀವು ಎಣಿಸಿದ ಎರಡು ಹೊತ್ತಿಗಲ್ಲ, ಇಡೀ ದಿನಕ್ಕೆ) ಇಂಥ 2,000 ಅಂಕ ಮಿತಿ, 5.5 ಮೀಟರಿಗೆ 6,000, 7 ಮೀಟರಿನ ಎರಡು ಪಥಕ್ಕೆ 15,000.

ಹೊಸ ಲೇಔಟ್ ಎಷ್ಟು ಸೇರಿಸುತ್ತದೆ? ಎಕರೆಗೆ 43,560 ಚದರಡಿ. ರಸ್ತೆ, ಪಾರ್ಕು ಬಿಟ್ಟು ಅರ್ಧಕ್ಕೆ ಸ್ವಲ್ಪ ಜಾಸ್ತಿ ಸೈಟಿಗೆ ಸಿಕ್ಕಿದರೆ 30×40ರ ಇಪ್ಪತ್ತು ಸೈಟು. ಐದು ಎಕರೆಗೆ ನೂರು ಮನೆ. ಒಂದು ಮನೆಯಿಂದ ದಿನಕ್ಕೆ ಬೈಕು ಆರು ಸಲ, ಕಾರು ಎರಡು ಸಲ ಓಡಾಡಿದರೂ ಐದು ಅಂಕ, ಒಟ್ಟು 500. ಒಂಟಿ ಪಥದ ರಸ್ತೆಯ ಕಾಲು ಭಾಗ ಒಂದೇ ಲೇಔಟಿಗೆ ಹೋಯಿತು. ಅದೇ ರಸ್ತೆಯಲ್ಲಿ ಇನ್ನೂ ಮೂರು ಬೋರ್ಡ್ ಕಂಡರೆ ಅವನ್ನೂ ಕೂಡಿಸಿ. ಪ್ರತಿಯೊಬ್ಬ ಡೆವಲಪರ್ ತನ್ನದೊಂದನ್ನೇ ಲೆಕ್ಕ ಹಾಕಿ ತೋರಿಸುತ್ತಾನೆ.

ಹೋಗುವ ದಿನವನ್ನೂ ಯೋಚಿಸಿ. ಭಾನುವಾರ ಮಧ್ಯಾಹ್ನ ಎಲ್ಲ ರಸ್ತೆಯೂ ಒಳ್ಳೆಯದೇ. ಚಿಕ್ಕಮಗಳೂರಿನಲ್ಲಿ ಮಾತ್ರ ಉಲ್ಟಾ, ಅಲ್ಲಿ ಕೈಮರದ ಕಡೆ ಸೈಟ್ ನೋಡುವವರು ಶನಿವಾರ ಬೆಳಿಗ್ಗೆಯೇ ಹೋಗಬೇಕು, ಮುಳ್ಳಯ್ಯನಗಿರಿಗೆ ಹೋಗುವ ಸಾಲು ಕಾಣಲು. ಹಾಸನದಲ್ಲಿ ವರ್ಷಕ್ಕೊಮ್ಮೆ ಹಾಸನಾಂಬೆ ದೇವಸ್ಥಾನದ ಬಾಗಿಲು ತೆರೆದ ದಿನಗಳಲ್ಲಿ ಒಮ್ಮೆ ಓಡಾಡಿ. ರಾತ್ರಿ ಒಮ್ಮೆ, ಮಂಜು ಕವಿದ ಬೆಳಗ್ಗೆ ಒಮ್ಮೆ, ಮಳೆ ಬರುವಾಗ ಒಮ್ಮೆ. ನಡೆದು ಹೋಗುವ ಮಕ್ಕಳು ಬಸ್ ಸ್ಟಾಪಿಗೆ ಯಾವ ಅಂಚಿನಲ್ಲಿ ಹೋಗುತ್ತಾರೆ, ಚರಂಡಿ ಮೇಲೆ ಚಪ್ಪಡಿ ಇದೆಯಾ ಅಂತ ಆಗಲೇ ಗೊತ್ತಾಗುವುದು.

ಹತ್ತಿರದ ಟೀ ಅಂಗಡಿಯಲ್ಲಿ ಕೂತು 'ಇಲ್ಲಿ ಆಕ್ಸಿಡೆಂಟ್ ಆಗ್ತಾವಾ ಅಣ್ಣ?' ಅಂತ ಕೇಳಿ. ಸುಮಾರು 500 ಮೀಟರ್ ಒಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿದ್ದರೆ ಅದು ಸರ್ಕಾರಿ ಲೆಕ್ಕದಲ್ಲಿ ಬ್ಲ್ಯಾಕ್ ಸ್ಪಾಟ್. ಠಾಣೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಬಹುದು. ಆಕ್ಷೇಪಣೆ ಇದ್ದರೆ ಹೆಜ್ಜೆ, ವೇಗ, ಎಣಿಕೆ ಮೂರನ್ನೂ ಫೋಟೋ ಸಮೇತ ಬರೆದು ಪ್ರಾಧಿಕಾರಕ್ಕೆ ಕೊಡಿ, ಒಂದು ಪ್ರತಿ ಜಿಲ್ಲಾಧಿಕಾರಿಗಳ ರಸ್ತೆ ಸುರಕ್ಷತಾ ಸಮಿತಿಗೆ. ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ಹೋದ ತಿಂಗಳು ನಮ್ಮ ಭಾವನಿಗೆ ಬೇಲೂರು ಕಡೆಯ ಒಂದು ಲೇಔಟ್ ಹಿಡಿಸಿತ್ತು. ಅಳೆದೆವು. ಗಾಡಿಗಳ ವೇಗ 60. ಎಡಕ್ಕೆ 140 ಹೆಜ್ಜೆ, ಪರವಾಗಿಲ್ಲ. ಬಲಕ್ಕೆ ಬರೀ 70, ಅಂದರೆ 52 ಮೀಟರ್ ಚಿಲ್ಲರೆ. ಅಡ್ಡ ಇದ್ದದ್ದು ಲಂಟಾನದ ಪೊದೆ, ಅದರ ಹಿಂದೆ ಲೇಔಟಿನವರೇ ಕಟ್ಟಿಸಿದ ಕಮಾನಿನ ದಪ್ಪ ಕಂಬ. ಹೇಳಿದ ವಾರದಲ್ಲಿ ಲಂಟಾನ ಸವರಿಸಿದರು, ಆಗ 90 ಹೆಜ್ಜೆ ಆಯಿತು. ಕಂಬ ಒಡೆಯಲು ಮಾತ್ರ ಒಪ್ಪುತ್ತಿಲ್ಲ, ಅದಕ್ಕೆ ಗ್ರಾನೈಟ್ ಹಾಕಿಸಿದ್ದಾರಂತೆ. ಲಂಟಾನವೇನು, ಆಷಾಢದ ಮಳೆಗೆ ಮತ್ತೆ ಎದ್ದುಬಿಡುತ್ತದೆ. ಆಗ ಹೋಗಿ ಇನ್ನೊಂದು ಸಲ ಎಣಿಸೋಣ ಅಂತ ಭಾವ ಟೋಕನ್ ಕೊಡದೆ ಕೂತಿದ್ದಾರೆ.