ಆಂಟ್‌ವರ್ಪಿನ ಅಚ್ಚುಮನೆಯಲ್ಲಿ ಒಂದು ದಿನ

ಯೂರೋಪಿಗೆ ಹೊರಡುವ ಪುಸ್ತಕಪ್ರಿಯರು ಸಾಮಾನ್ಯವಾಗಿ ಲೇಖಕರ ಮನೆಗಳನ್ನೂ ದೊಡ್ಡ ಗ್ರಂಥಾಲಯಗಳನ್ನೂ ಪಟ್ಟಿ ಮಾಡಿಕೊಳ್ಳುತ್ತಾರೆ. ನಾನು ಮಾತ್ರ ಪುಸ್ತಕ ತಯಾರಾಗುತ್ತಿದ್ದ ಜಾಗವನ್ನೇ ಮೊದಲು ನೋಡಬೇಕೆಂದು ಹೊರಟೆ. ಮೊಳೆಗಳನ್ನು, ಅಂದರೆ ಸೀಸದಲ್ಲಿ ಎರಕ ಹೊಯ್ದ ಬಿಡಿ ಅಕ್ಷರಗಳನ್ನು, ಕೈಯಿಂದ ಜೋಡಿಸುವ ಕಾಲದಲ್ಲೇ ಮೈಸೂರಿನ ಸಣ್ಣ ಪ್ರೆಸ್ಸೊಂದರಲ್ಲಿ ಕರಡು (ಪ್ರೂಫ್) ತಿದ್ದಲು ಕಲಿತವನು ನಾನು. ಇವತ್ತಿಗೂ ಅದೇ ನನ್ನ ಕೆಲಸ. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿರುವ ಪ್ಲಾಂಟಿನ್-ಮೊರೆಟಸ್ ಮ್ಯೂಸಿಯಂ ನನ್ನನ್ನು ಸೆಳೆದದ್ದು ಹಾಗೆ.

ಕ್ರಿಸ್ಟೋಫ್ ಪ್ಲಾಂಟಿನ್ ಫ್ರಾನ್ಸಿನಿಂದ ಬಂದ ಬೈಂಡರ್. 1555ರಲ್ಲಿ ಆಂಟ್‌ವರ್ಪ್‌ನಲ್ಲಿ ಮುದ್ರಣ ಶುರುಮಾಡಿದ. ಅವನ ನಂತರ ಅಳಿಯ ಯಾನ್ ಮೊರೆಟಸ್‌ನ ವಂಶದವರು ಒಂದೇ ಸೂರಿನಡಿ ಸಂಸಾರವನ್ನೂ ಪ್ರೆಸ್ಸನ್ನೂ ನಡೆಸಿಕೊಂಡು ಬಂದರು. 1876ರಲ್ಲಿ ಎಡ್ವರ್ಡ್ ಮೊರೆಟಸ್ ಆ ಮನೆಯನ್ನು ಯಂತ್ರ, ಮೊಳೆ, ಪುಸ್ತಕ, ಲೆಕ್ಕಪತ್ರಗಳ ಸಮೇತ ನಗರಕ್ಕೆ ಮಾರಿದ. ಹಾಗಾಗಿ ಅಲ್ಲಿನ ವಸ್ತುಗಳು ಹರಿದು ಹಂಚಿಹೋಗಲಿಲ್ಲ. 2005ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೊರಡುವ ಮೊದಲು ಮನೆಯಲ್ಲೇ ಸ್ವಲ್ಪ ಅಭ್ಯಾಸ ಮಾಡಿಕೊಂಡೆ. ಚಿತ್ರ ಅಚ್ಚುಹಾಕಲು ಕೆತ್ತಿದ್ದ ಸುಮಾರು 14,000 ಮರದ ಪಡಿಯಚ್ಚುಗಳ ಚಿತ್ರಗಳನ್ನು ಮ್ಯೂಸಿಯಂನವರು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಅದರಲ್ಲಿ ಗಿಡಮೂಲಿಕೆಗಳ ಚಿತ್ರಗಳನ್ನು ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬ್ರಸೆಲ್ಸ್‌ನಿಂದ ರೈಲಿನಲ್ಲಿ ಒಂದು ಗಂಟೆಯೂ ಬೇಕಾಗಿಲ್ಲ. ಸೋಮವಾರ ರಜೆ, ಅದೊಂದನ್ನು ನೆನಪಿಡಿ.

ಒಳಗೆ ನಾನು ಹೆಚ್ಚು ಹೊತ್ತು ನಿಂತದ್ದು ಕರಡು ತಿದ್ದುವವರ ಕೋಣೆಯಲ್ಲಿ. ಕಿಟಕಿಗೆ ಒತ್ತಿಕೊಂಡ ದೊಡ್ಡ ಓಕ್ ಮರದ ಮೇಜು, ಎದುರುಬದುರಾಗಿ ಕೂರಲು ಬೆಂಚು. ಹಗಲಿನ ಬೆಳಕು ನೇರ ಹಾಳೆಯ ಮೇಲೆ ಬೀಳಬೇಕು, ಕಣ್ಣಿಗೆ ಕುಕ್ಕಬಾರದು. ಮೇಜು ಹಾಕಿರುವ ರೀತಿಯಲ್ಲೇ ಆ ಕಾಳಜಿ ಕಾಣುತ್ತದೆ. ಪ್ಲಾಂಟಿನ್‌ನ ಸಂಸ್ಥೆಯಲ್ಲಿ ಸುಮಾರು ಅರ್ಧ ಶತಮಾನ ದುಡಿದ ಕರಡು ತಿದ್ದುಗ ಕಾರ್ನೇಲಿಯಸ್ ಕಿಲಿಯಾನ್. ಊರವರ ಬರಹಗಳನ್ನೆಲ್ಲ ತಿದ್ದುತ್ತಲೇ ಆತ ಡಚ್ ಭಾಷೆಗೆ ನಿಘಂಟು ಕಟ್ಟಿದ. 1599ರ ಅದರ ಆವೃತ್ತಿ ಆ ಭಾಷೆಯ ಚರಿತ್ರೆಯಲ್ಲಿ ದೊಡ್ಡ ಹೆಸರು. ನಮ್ಮ ಕಸುಬಿನವರ ಹೆಸರು ಪುಸ್ತಕದಲ್ಲಿ ಬರುವುದೇ ಅಪರೂಪ. ಕಿಲಿಯಾನನ ಹೆಸರು ಉಳಿಯಿತಲ್ಲ ಎಂದು ನಿಜಕ್ಕೂ ಹೆಮ್ಮೆಯಾಯಿತು.

ಪ್ಲಾಂಟಿನ್‌ನ ಅತಿ ದೊಡ್ಡ ಸಾಹಸ 1568ರಿಂದ 1573ರವರೆಗೆ ಅಚ್ಚಾದ ಬಹುಭಾಷಾ ಬೈಬಲ್: ಹೀಬ್ರೂ, ಗ್ರೀಕ್, ಲ್ಯಾಟಿನ್, ಅರಮಾಯಿಕ್, ಸಿರಿಯಾಕ್, ಒಟ್ಟು ಎಂಟು ಸಂಪುಟ. ಬಲದಿಂದ ಎಡಕ್ಕೆ ಓಡುವ ಲಿಪಿಯನ್ನೂ ಎಡದಿಂದ ಬಲಕ್ಕೆ ಓಡುವುದನ್ನೂ ಎದುರೆದುರು ಕೂರಿಸಿ ಸಾಲು ಹೊಂದಿಸುವುದೆಂದರೆ ಏನೆಂಬುದು ಕಾಗುಣಿತ, ಒತ್ತಕ್ಷರಗಳ ಮೊಳೆಗಳನ್ನು ಕೇಸಿನಿಂದ, ಅಂದರೆ ಅವನ್ನಿಡುವ ಖಾನೆಗಳ ಪೆಟ್ಟಿಗೆಯಿಂದ, ಹೆಕ್ಕಿ ಜೋಡಿಸುವುದನ್ನು ಕಂಡವರಿಗೆ ಬೇಗ ಅರ್ಥವಾಗುತ್ತದೆ. ಇನ್ನೂ ಹದಿಮೂರರ ಆಸುಪಾಸಿನಲ್ಲಿದ್ದ ಮಗಳು ಮ್ಯಾಗ್ಡಲೀನಾ ಈ ಬೈಬಲ್‌ನ ಕರಡುಗಳನ್ನು ಸಂಪಾದಕ ಅರಿಯಾಸ್ ಮೊಂಟಾನೊನ ಬಳಿಗೆ ಒಯ್ದು ಓದಿ ಹೇಳುತ್ತಿದ್ದಳೆಂದು ಪ್ಲಾಂಟಿನ್ ತನ್ನ ಪತ್ರದಲ್ಲಿ ಬರೆದಿದ್ದಾನೆ.

ಪಕ್ಕದ ದೊಡ್ಡ ಕೋಣೆಯಲ್ಲಿ ಮೊಳೆ ಕೇಸುಗಳು, ಮರದ ಪ್ರೆಸ್ಸುಗಳು. ಕೊನೆಯಲ್ಲಿರುವ ಎರಡು ಸುಮಾರು 1600ರ ಕಾಲದವು. ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಮುದ್ರಣಯಂತ್ರಗಳು ಅವೇ. ಎಲ್ಲರೂ ಅವುಗಳ ಫೋಟೊ ತೆಗೆದು ಮುಂದಕ್ಕೆ ಹೋಗಿಬಿಡುತ್ತಾರೆ. ಮೊಳೆ ಎರಕದ ಕೋಣೆಯನ್ನು ತಪ್ಪಿಸಬೇಡಿ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತಿ, ಅದನ್ನು ತಾಮ್ರದ ತುಂಡಿಗೆ ಬಡಿದರೆ ನೇರ ಅಕ್ಷರದ ತಗ್ಗು ಮೂಡುತ್ತದೆ. ಅದರೊಳಕ್ಕೆ ಕರಗಿದ ಸೀಸದ ಮಿಶ್ರಣ ಹೊಯ್ದರೆ ಮೊಳೆ ಸಿದ್ಧ. ಗ್ಯಾರಮಾಂಡ್, ಗ್ರಾಂಜಾನ್ ಮುಂತಾದವರು ಕೆತ್ತಿದ ಕಡ್ಡಿಗಳೂ ಸೇರಿ ಸುಮಾರು 4,500 ಅಲ್ಲಿವೆ. ಒಂದು ಸಣ್ಣ ಅಕ್ಷರದ ಹೊಟ್ಟೆಯೊಳಗಿನ ಬಿಳಿ ಜಾಗ ಸಾಸಿವೆ ಕಾಳಿಗಿಂತ ಚಿಕ್ಕದು. ಅದನ್ನು ಉಕ್ಕಿನಲ್ಲಿ ಕೊರೆದಿದ್ದಾರೆ. ಇವತ್ತು ಕಂಪ್ಯೂಟರಿನಲ್ಲಿ ಗ್ಯಾರಮಾಂಡ್ ಹೆಸರಿನ ಫಾಂಟ್ ಆರಿಸಿಕೊಳ್ಳುವವರು ಈ ಕಡ್ಡಿಗಳನ್ನು ಒಮ್ಮೆಯಾದರೂ ನೋಡಬೇಕು.

ಹೆಸರಾಂತ ಚಿತ್ರಕಾರ ರೂಬೆನ್ಸ್ ಬರೆದ ಮನೆತನದವರ ಭಾವಚಿತ್ರಗಳು, ಚಿನ್ನದ ಬಣ್ಣದ ಚರ್ಮ ಹೊದಿಸಿದ ಗೋಡೆಗಳು ಎಲ್ಲ ಚೆಂದವೇ. ಆದರೆ ಸಮಯ ಕಡಿಮೆಯಿದ್ದರೆ ಕೆಲಸದ ಕೋಣೆಗಳಿಗೇ ಕೊಡಿ. ಹೊರಗೆ ಬಂದ ಮೇಲೆ, ನಡೆದೇ ಹೋಗುವಷ್ಟು ಹತ್ತಿರದಲ್ಲಿರುವ ಕ್ಯಾಥೆಡ್ರಲ್‌ಗೆ ಹೋಗಿ. ಪ್ಲಾಂಟಿನ್‌ನನ್ನು ಮಣ್ಣುಮಾಡಿದ್ದು ಅಲ್ಲೇ. ಯಾನ್ ಮೊರೆಟಸ್‌ನ ನೆನಪಿಗೆ ರೂಬೆನ್ಸ್ ಬರೆದ ಚಿತ್ರವೂ ಅಲ್ಲಿದೆ. ಅದರ ಒಂದು ಪಕ್ಕದ ಹಲಗೆಯಲ್ಲಿ ಸಂತ ಮಾರ್ಟಿನಾ ಇದ್ದಾಳೆ, ಯಾನ್‌ನ ಹೆಂಡತಿ, ಪ್ಲಾಂಟಿನ್‌ನ ಮಗಳು ಮಾರ್ಟಿನಾಳ ಹೆಸರಿಗಾಗಿ. ದಿನ ಆರಿಸಿಕೊಳ್ಳುವ ಅನುಕೂಲವಿದ್ದರೆ ಶುಕ್ರವಾರ ಹೋಗಿ: ಮ್ಯೂಸಿಯಂ ಎದುರಿನ ಚೌಕದಲ್ಲಿ ಅವತ್ತು ಬೆಳಿಗ್ಗೆ ಹಳೆಯ ಸಾಮಾನುಗಳ ಹರಾಜು ನಡೆಯುತ್ತದೆ. ಅದನ್ನು ನೋಡಿಕೊಂಡೇ ಟಿಕೆಟ್ ತೆಗೆದುಕೊಳ್ಳಬಹುದು.