‘ಇನ್‌ಹೆರೆಂಟ್ಲಿ’ಗೆ ಒಂದು ‘ಏ’ ಸಾಕು

ಇಂಗ್ಲಿಷ್‌ನಿಂದ ಅನುವಾದಿಸುವಾಗ ‘ಇನ್‌ಹೆರೆಂಟ್ಲಿ’ (ಗುಣ ಹೊರಗಿನಿಂದ ಬಂದದ್ದಲ್ಲ, ವಸ್ತುವಿನಲ್ಲೇ ಇದೆ ಎಂಬರ್ಥ) ಬಂದಲ್ಲೆಲ್ಲ ‘ಅಂತರ್ಗತವಾಗಿ’ ಹಾಕುವುದನ್ನು ಬಿಟ್ಟೆ. ಅನುವಾದ ಏಜೆನ್ಸಿಯ ಗ್ಲಾಸರಿಯಲ್ಲಿ, ಅಂದರೆ ಒಪ್ಪಿತ ಪದಪಟ್ಟಿಯಲ್ಲಿ, ಇರುವ ಪದ ಕೈಬಿಟ್ಟರೆ ಕೆಲಸ ವಾಪಸ್ ಬರುತ್ತದೆ ಅಂತ ಬೆಂಗಳೂರಿನ ಅನುವಾದಕ ಗೆಳೆಯರು ಹೇಳಿದ್ದರು. ಮೊದಲ ಸಲ ಬಂತು ಕೂಡ. ಪದಕ್ಕೆ ಒಂದೂವರೆ ರೂಪಾಯಿಯ ಸ್ಕೂಟರ್ ಕೈಪಿಡಿ, ಹೆಚ್ಚುಕಡಿಮೆ ಆರು ಸಾವಿರ ಪದ. ಎರಡು ದಿನದ ತಿದ್ದುಪಡಿಗೆ ಬಿಡಿಗಾಸಿಲ್ಲ. ಈಗ ಅದೇ ಏಜೆನ್ಸಿ ನನ್ನ ಸಾಲುಗಳನ್ನೇ ಗ್ಲಾಸರಿಗೆ ಸೇರಿಸಿಕೊಂಡಿದೆ.

‘ಅಂತರ್ಗತವಾಗಿ ಅಪಾಯಕಾರಿ’ ಅಂದರೆ ಒಳಗೇನೋ ಅಡಗಿ ಕೂತಿದೆ ಅನ್ನಿಸುತ್ತದೆ. ‘ಸಹಜವಾಗಿ’ ಹಾಕಿದರೆ ‘ಅದರಲ್ಲೇನು ಆಶ್ಚರ್ಯ’ ಎಂಬ ಧ್ವನಿ. ‘ಮೂಲತಃ’ ಹಾಕಿದರೆ ಮೊದಲು ಹಾಗಿತ್ತು, ಈಗಿಲ್ಲ ಅಂತಲೂ ಓದಬಹುದು. ‘ಸ್ವಭಾವತಃ’ ಮನುಷ್ಯರಿಗೆ ಸರಿ, ಬ್ಯಾಟರಿಗೆ ಒಗ್ಗದು.

ನಾನು ಮಾಡುವುದಿಷ್ಟು: ಬಳಸುವವರ ಕೈ, ಜಾಗ, ಹವೆ ಎಲ್ಲ ತೆಗೆದು ನೋಡುತ್ತೇನೆ. ಆಗಲೂ ಗುಣ ಉಳಿದರೆ ಕ್ರಿಯಾವಿಶೇಷಣ ಕಿತ್ತುಹಾಕಿ ನಾಮಪದಕ್ಕೆ ‘ಏ’ ಹಚ್ಚುತ್ತೇನೆ. ಲಿಥಿಯಂ-ಅಯಾನ್ ಬ್ಯಾಟರಿಯ ಎಲೆಕ್ಟ್ರೊಲೈಟೇ ಹೊತ್ತಿಕೊಳ್ಳುವಂಥದ್ದು. ಹಾಗಾಗಿ ‘ಬೆಂಕಿಯ ಅಪಾಯ ಬ್ಯಾಟರಿಯಲ್ಲೇ ಇದೆ’. ಇಲ್ಲಿ ‘ತಾನಾಗಿ’ ಬಳಸಬೇಡಿ. ‘ತಾನಾಗಿ ಹೊತ್ತಿಕೊಳ್ಳುತ್ತದೆ’ ಅಂದರೆ ಅರ್ಥವೇ ಬೇರೆ, ಗಿರಾಕಿ ಗಾಬರಿಯಾಗುತ್ತಾನೆ.

ನಿಷೇಧ ಬಂದಾಗ ‘ಏ’ ಕೈಕೊಡುತ್ತದೆ. ನಾನು ಹೆಚ್ಚು ಎಡವಿದ್ದು ಇಲ್ಲೇ. ‘ಫಾಸ್ಟ್ ಚಾರ್ಜಿಂಗ್ ಅಂತರ್ಗತವಾಗಿ ಹಾನಿಕಾರಕವಲ್ಲ’ ಅಂದರೆ ಎಷ್ಟು ಬೇಕಾದರೂ ಮಾಡಿ ಎಂಬ ಪರವಾನಗಿಯಂತೆ ಕೇಳಿಸುತ್ತದೆ. ‘ಮಾತ್ರಕ್ಕೆ’ ಹಾಕಿ: ‘ಫಾಸ್ಟ್ ಚಾರ್ಜ್ ಮಾಡಿದ ಮಾತ್ರಕ್ಕೆ ಬ್ಯಾಟರಿ ಹಾಳಾಗದು.’ ಆಮೇಲೆ ಯಾವಾಗ ಹಾಳಾಗುತ್ತದೆ ಅನ್ನುವ ಉಳಿದರ್ಧ ಬರಲೇಬೇಕು. ‘ಬಿಸಿ ಹೆಚ್ಚಾದರೆ ಆಗುತ್ತದೆ.’ ಇಂಗ್ಲಿಷ್ ಅದನ್ನು ಹೇಳದೆ ಬಿಟ್ಟಿದ್ದರೆ ಕ್ಲೈಂಟ್‌ಗೆ ಕ್ವೆರಿ ಹಾಕಿ, ಊಹಿಸಿ ಬರೆಯಬೇಡಿ.

‘ತುಕ್ಕು ಹಿಡಿಯುವುದು ಕಬ್ಬಿಣದ ಹುಟ್ಟುಗುಣ’ ಅಂತಲೂ ಬರೆದು ನೋಡಿದೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಓದಿಸಿದರೆ ನಾಲ್ಕೈದು ಮಂದಿಗೂ ತಟ್ಟನೆ ಅರ್ಥವಾಯಿತು. ಜಾಹೀರಾತಿಗೆ ಒಳ್ಳೆಯದು, ಕೈಪಿಡಿಯಲ್ಲಿ ರಿವ್ಯೂವರ್ ಹೊಡೆದುಹಾಕಿದರು.

ಹೆಚ್ಚುಕಡಿಮೆ ಇದೇ ಅರ್ಥ ಕೊಡುವಂತೆ ಕಾಣುವ ‘ಇಂಟ್ರಿನ್ಸಿಕಲಿ ಸೇಫ್’ ಮಾತ್ರ ಮುಟ್ಟಬೇಡಿ. ಅದು ಐಇಸಿ 60079-11 ಎಂಬ ಅಂತರರಾಷ್ಟ್ರೀಯ ಮಾನದಂಡದ ಪಾರಿಭಾಷಿಕ ಪದ: ಕಿಡಿ ಹಾರಿದರೂ ಅನಿಲ ಹೊತ್ತಿಕೊಳ್ಳದಷ್ಟು ಕಡಿಮೆ ವಿದ್ಯುತ್ ಶಕ್ತಿಯಲ್ಲಿ ನಡೆಯುವ ಉಪಕರಣ. ಹಾಗೇ ಕನ್ನಡ ಲಿಪಿಯಲ್ಲಿ ಬರೆದು, ಮೊದಲ ಸಲ ಒಂದು ಸಾಲಿನ ವಿವರಣೆ ಕೊಟ್ಟರಾಯಿತು.

ಗ್ಲಾಸರಿಯಲ್ಲಿ ‘ಇನ್‌ಹೆರೆಂಟ್ಲಿ’ಗೆ ಒಂದೇ ಸಾಲಿದ್ದರೆ ಕ್ಯೂಎ, ಅಂದರೆ ಗುಣಮಟ್ಟದ ತಪಾಸಣೆ, ಪ್ರತಿ ವಾಕ್ಯಕ್ಕೂ ಕೆಂಪು ತೋರಿಸುತ್ತದೆ. ಮೂರಾಗಿ ಒಡೆಯಿರಿ: ಗುಣ ‘ಇದೆ’ ಅನ್ನುವುದಕ್ಕೊಂದು, ‘ಅಲ್ಲ’ ಅನ್ನುವುದಕ್ಕೊಂದು, ಪಾರಿಭಾಷಿಕ ಪದಕ್ಕೊಂದು. ಪ್ರತಿಯೊಂದಕ್ಕೂ ಪೂರ್ತಿ ವಾಕ್ಯದ ಉದಾಹರಣೆ ಇರಲಿ. ಕರಾರುಪತ್ರಗಳಲ್ಲಿ ನಾನು ಬಳಸುವ ನಾಲ್ಕನೆಯ ಸಾಲೊಂದಿದೆ. ಅದರಿಂದಲೇ ಈಗ ಪದಕ್ಕೆ ಎರಡೂವರೆ ಸಿಗುತ್ತಿರುವುದು, ಅದು ನನ್ನ ಹತ್ತಿರವೇ ಇರಲಿ.